ಹತ್ತುವುದು ಸರಿ, ಆ ಬಂಡೆಯಿಂದ ಇಳಿಯುವುದು ಹೇಗೆ?

ಕಾಲುದಾರಿ:
ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ನಾನು, ನನ್ನ ತಂಗಿ ಒಂದು ಸಣ್ಣ ಬೆಟ್ಟ ಹತ್ತಲು ಹೊರಟಿದ್ದೇವೆ. ಹೋಗಿ ಬರಲು 10 ಕಿ.ಮೀ., ಏರು 600 ಮೀಟರ್. ಅಷ್ಟು ನಡೆಯುವುದು ಇಬ್ಬರಿಗೂ ರೂಢಿ ಇದೆ. ಆದರೆ ತುದಿಯ ಹತ್ತಿರ ಕೊನೆಯ 40 ಮೀಟರ್ ಬರೀ ಬಂಡೆಯಂತೆ. ಹಗ್ಗ ಬೇಡ, ಕೈ ಮಾತ್ರ ಬೇಕೇ ಬೇಕು, 'ಕ್ಲಾಸ್ 3' ಎಂದು ಹೋಗಿ ಬಂದವರು ಹೇಳಿದರು. ನನ್ನ ಭಯ ಇಳಿಯುವುದರದ್ದು. ಹೋದ ವರ್ಷ ಇದಕ್ಕಿಂತ ಚಿಕ್ಕ ಬಂಡೆ ಸರಸರ ಹತ್ತಿ, ಇಳಿಯುವಾಗ ಕಾಲಿಡುವ ಜಾಗ ಕಾಣದೆ ಅಲ್ಲೇ ಕೂತುಬಿಟ್ಟಿದ್ದೆ. ತಂಗಿ ಕೆಳಗೆ ನಿಂತು "ಎಡಗಾಲು ಇನ್ನೊಂದು ಗೇಣು ಕೆಳಗೆ" ಅಂತ ಹೇಳಿ ಹೇಳಿ ಇಳಿಸಿದಳು. ಈ ಸಲ ಹಾಗಾಗಬಾರದು. ಏನು ಮಾಡಲಿ?

ಕಲ್ಲುಹೂವು:
ನಿಮ್ಮ ಭಯ ಸರಿಯಾಗಿಯೇ ಇದೆ. ಹತ್ತುವಾಗ ಕೈಯಲ್ಲಿ ಹಿಡಿಯುವ ಜಾಗ ಕಣ್ಣೆದುರಿಗೇ ಇರುತ್ತದೆ, ಇಳಿಯುವಾಗ ಕಾಲಿಡುವ ಜಾಗವನ್ನು ನಮ್ಮ ಹೊಟ್ಟೆಯೇ ಮರೆಮಾಡುತ್ತದೆ. ಮೊದಲು ಆ ಕ್ಲಾಸ್ ವಿಷಯ: ದಾರಿ ಎಷ್ಟು ಕಷ್ಟ ಅಂತ ಸಂಖ್ಯೆಯಲ್ಲಿ ಹೇಳುವ ಯೊಸೆಮಿಟಿ ಪದ್ಧತಿಯಲ್ಲಿ 1 ಅಂದರೆ ಸುಮ್ನೆ ನಡೆಯುವ ದಾರಿ, 5 ಅಂದರೆ ಹಗ್ಗ ಕಟ್ಟಿ ಹತ್ತುವ ಬಂಡೆ, 3ರಲ್ಲಿ ಕೈಯೂ ಕೆಲಸ ಮಾಡಬೇಕು. ಜಾರಿದರೆ ಎಷ್ಟು ಆಳಕ್ಕೆ ಬೀಳುತ್ತೀರಿ ಅನ್ನುವುದನ್ನು ಆ ಸಂಖ್ಯೆ ಹೇಳುವುದಿಲ್ಲ. ಅದನ್ನು ಅಲ್ಲೇ ನಿಂತು ನೋಡಬೇಕು.

ಇಳಿಯುವಾಗ ಎಲ್ಲರೂ ಮಾಡುವ ತಪ್ಪು ಒಂದೇ. ಕಣಿವೆಯ ಕಡೆ ಮುಖ ಮಾಡಿ, ಕೂತು ಜಾರಲು ನೋಡುತ್ತಾರೆ. ಕಡಿದಾದ ಕಡೆ ಬೆನ್ನಿನ ಚೀಲ ಹಿಂದಿನ ಕಲ್ಲಿಗೆ ತಗುಲಿ ನಿಮ್ಮನ್ನೇ ಮುಂದಕ್ಕೆ ದೂಡುತ್ತದೆ, ನನಗೆ ಹಾಗಾಗಿದೆ, ಮೊಣಕೈ ಪೂರ್ತಿ ತರಚಿಹೋಯಿತು. ಬಂಡೆಗೆ ಮುಖ ಮಾಡಿ, ಏಣಿ ಇಳಿಯುವ ಹಾಗೆ ಇಳಿಯಿರಿ. ಎರಡು ಕೈ, ಎರಡು ಕಾಲಿನಲ್ಲಿ ಯಾವಾಗಲೂ ಮೂರಾದರೂ ಬಂಡೆಯ ಮೇಲಿರಲಿ, ಒಂದು ಮಾತ್ರ ಜಾಗ ಬದಲಿಸಲಿ. ಸೊಂಟ ಸ್ವಲ್ಪ ಹೊರಗಿಟ್ಟರೆ ಪಾದ ಕಾಣುತ್ತದೆ. ಹೆದರಿ ಬಂಡೆಗೆ ಅಂಟಿಕೊಂಡರೆ ಏನೂ ಕಾಣುವುದಿಲ್ಲ, ಕಾಲೂ ಜಾರುತ್ತದೆ.

ಹತ್ತುವಾಗಲೇ ಎರಡು ಮೂರು ಹೆಜ್ಜೆಗೊಮ್ಮೆ ತಿರುಗಿ ಕೆಳಗೆ ನೋಡಿ. ಇದನ್ನು ಇಳಿಯಬಲ್ಲೆನೇ ಅಂತ ಕೇಳಿಕೊಳ್ಳಿ. ಅನುಮಾನ ಬಂದರೆ ಅಲ್ಲಿಂದಲೇ ವಾಪಸ್.

ಬೆಟ್ಟದಗಾಳಿ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಕಲ್ಲಿನ ಬಗ್ಗೆ ನನ್ನದೊಂದು ಮಾತು. ಹಿಡಿಯುವ ಮೊದಲು ಮುಷ್ಟಿಯಿಂದ ಒಂದು ಸಲ ಗುದ್ದಿ ನೋಡಿ. ಗಟ್ಟಿ ಕಲ್ಲು ಸುಮ್ಮನಿರುತ್ತದೆ, ಸಡಿಲವಾದದ್ದು ಟೊಳ್ಳು ಸದ್ದು ಮಾಡುತ್ತದೆ ಇಲ್ಲವೇ ಸ್ವಲ್ಪ ಅಲುಗುತ್ತದೆ. ಅಂಥದ್ದನ್ನು ನಿಮ್ಮ ಕಡೆ ಎಳೆಯಬೇಡಿ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಿಲ್ಲಬೇಡಿ, ಕಲ್ಲು ಉರುಳಿದರೆ "ಕಲ್ಲು!" ಅಂತ ಜೋರಾಗಿ ಕೂಗಿ. ಕೈಯಲ್ಲಿ ಕೋಲಿದ್ದರೆ ಬಂಡೆ ಶುರುವಾಗುವ ಮೊದಲೇ ಚೀಲಕ್ಕೆ ಕಟ್ಟಿಬಿಡಿ.

ಇನ್ನು ಪಾಚಿ. ಒಣಗಿದ ಬಂಡೆ, ನೆನೆದ ಬಂಡೆ ಎರಡೂ ಬೇರೆ ಬೇರೆ ಬೆಟ್ಟ ಅಂತಲೇ ಇಟ್ಟುಕೊಳ್ಳಿ. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಬಂಡೆಯ ಬುಡದವರೆಗೆ ಹೋಗಿ ಬನ್ನಿ, ಸಾಕು.

ನಡಿಗೆಲೆಕ್ಕ:
ಸಮಯದ್ದೂ ನೋಡಿಕೊಳ್ಳಿ. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಈಗಲೂ ಬಳಕೆಯಲ್ಲಿದೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು. ನಿಮಗೆ 3 ಗಂಟೆ ಆಯಿತು. ಆದರೆ ಅದರಲ್ಲಿ ವಿಶ್ರಾಂತಿ ಇಲ್ಲ, ಕೈ ಊರಿ ಹತ್ತುವುದೂ ಇಲ್ಲ. ಹೊಸಬರು 6 ಗಂಟೆ ಹಿಡಿಯಿರಿ, ಬೆಳಗ್ಗೆ ಬೇಗ ಹೊರಡಿ. ಇಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುತ್ತೇವೆ ಅಂತ ಮನೆಯಲ್ಲೇ ನಿರ್ಧರಿಸಿ, ತುದಿ ಕಣ್ಣೆದುರಿಗಿದ್ದಾಗ ಆ ನಿರ್ಧಾರ ಮಾಡಲು ಮನಸ್ಸು ಬರುವುದಿಲ್ಲ. ಗುಡುಗು ಕೇಳಿದರೆ ಮಾತ್ರ ಗಡಿಯಾರ ನೋಡಬೇಡಿ, ಆಗಲೇ ಇಳಿಯಲು ಶುರುಮಾಡಿ.

ಕಾಲುದಾರಿ:
ತುಂಬಾ ಥ್ಯಾಂಕ್ಸ್. ಆ ಚೀಲದ ಮಾತು ಓದಿದಾಗಲೇ ಗೊತ್ತಾಯಿತು, ಹೋದ ವರ್ಷ ನಾನು ಮಾಡಿದ್ದೂ ಅದನ್ನೇ. ಬಂಡೆಯ ಬುಡದಲ್ಲಿ ಆಳೆತ್ತರ ಹತ್ತಿ, ಬಂಡೆಗೆ ಮುಖ ಮಾಡಿಯೇ ಇಳಿದು, ನಾಲ್ಕೈದು ಸಲ ಅಭ್ಯಾಸ ಮಾಡಿಯೇ ಮುಂದೆ ಹೋಗುತ್ತೇವೆ. ಒಂದೇ ಒಂದು ಪ್ರಶ್ನೆ. ತಂಗಿಯ ಶೂ ಅಟ್ಟೆ ಮುಂಭಾಗದಲ್ಲಿ ಸವೆದು ನುಣ್ಣಗಾಗಿದೆ, ನಡೆಯಲು ಏನೂ ತೊಂದರೆ ಇಲ್ಲ. ನಡೆಯುತ್ತಾ?

ಕಲ್ಲುಹೂವು:
ಬೇಡ. ಬಂಡೆಯ ಮೇಲೆ ನಿಲ್ಲುವುದೇ ಆ ಮುಂಭಾಗದ ಮೇಲೆ. ಬೇರೆ ಶೂ ಸಿಗುವವರೆಗೆ ಒಂದು ವಾರ ಮುಂದೆ ಹಾಕಿ.