ಸ್ಟೆಡಿ ರೆಸ್ಟ್: ಆನಿಕೆಯೋ ಒತ್ತಾಸೆಯೋ?

ಐಟಿಐ ಹುಡುಗರಿಗಾಗಿ ಲೇತ್ (ಲೋಹ ಕಡೆಯುವ ಯಂತ್ರ) ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಕ್, ಜಾಬ್ (ಕಡೆಯುವ ತುಂಡು), ಸೆಂಟರ್ (ತುಂಡಿನ ತುದಿಯನ್ನು ಹಿಡಿಯುವ ಮೊನೆ), ಟೂಲ್ ಎಲ್ಲವನ್ನೂ ಹಾಗೇ ಬಿಟ್ಟಿದ್ದೇನೆ. ತೊಡಕಾಗಿರುವುದು ಸ್ಟೆಡಿ ರೆಸ್ಟ್, ಅಂದ್ರೆ ತಿರುಗುವ ಉದ್ದ ಜಾಬಿಗೆ ನಡುವೆ ಕೊಡುವ ಆಸರೆ. ಯಂತ್ರಾನುವಾದಕ್ಕೆ ಕೊಟ್ಟರೆ ‘ಸ್ಥಿರ ವಿಶ್ರಾಂತಿ’ ಅನ್ನುತ್ತದೆ. ಓಡುವ ಲೇತಿನಲ್ಲಿ ವಿಶ್ರಾಂತಿ ಯಾರಿಗೆ?

ಉದ್ದನೆಯ ತೆಳು ಶಾಫ್ಟನ್ನು ಎರಡು ಸೆಂಟರುಗಳ ನಡುವೆ ಹಿಡಿದು ಟೂಲ್ ಹಾಯಿಸಿದರೆ, ನಡುಭಾಗ ಹಿಂದಕ್ಕೆ ಬಾಗುತ್ತದೆ. ಅಲ್ಲಿ ಲೋಹ ಕಡಿಮೆ ಹೋಗುತ್ತದೆ. ಅಳೆದು ನೋಡಿದರೆ ತುದಿ ಸಣ್ಣ, ನಡು ದಪ್ಪ. ಉದ್ದ ವ್ಯಾಸದ 10–12 ಪಟ್ಟು ದಾಟಿತು ಅಂದ್ರೆ ನಡುವೆ ಏನಾದರೂ ಕೊಡಲೇಬೇಕು. ಆ ‘ಏನಾದರೂ’ವೇ ಸ್ಟೆಡಿ: ಲೇತಿನ ತಳಕ್ಕೆ, ಅಂದ್ರೆ ಬೆಡ್ಡಿಗೆ, ಬಿಗಿದ ಚೌಕಟ್ಟು, ಅದರಲ್ಲಿ ಮೂರು ದವಡೆ, ತುದಿಗೆ ಕಂಚು ಇಲ್ಲವೇ ರೋಲರ್. ಇದರ ಇನ್ನೊಂದು ಬಗೆ ಫಾಲೋ ರೆಸ್ಟ್. ಅದು ಟೂಲನ್ನು ಹೊತ್ತು ಸಾಗುವ ಕ್ಯಾರೇಜಿನ ಮೇಲೆ ಕೂತು ಟೂಲಿನ ಜೊತೆಗೇ ಸಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಎರಡೇ ದವಡೆ. ಮೂರನೆಯ ಕಡೆ ಟೂಲೇ ಇದೆಯಲ್ಲ.

ಗೆಳೆಯರೊಬ್ಬರು ‘ಒತ್ತಾಸೆ’ ಅಂದರು. ಚೆಂದದ ಪದ. ಆದರೆ ಲೇತಿನ ಸ್ಟೆಡಿ ಒತ್ತಲೇಬಾರದು! ಮೊದಲು ಶಾಫ್ಟಿನ ಮೇಲೆ ಒಂದು ಸಣ್ಣ ಪಟ್ಟಿಯನ್ನು ಓಲಾಡದೆ ತಿರುಗುವಂತೆ ದುಂಡಗೆ ಕಡೆದು, ದವಡೆಗಳನ್ನು ಅದಕ್ಕೆ ಸುಮ್ನೆ ತಾಗಿಸಬೇಕು. ಎಣ್ಣೆ ಬಿಡಬೇಕು. ಜಾಸ್ತಿ ಬಿಗಿದರೆ ಶಾಫ್ಟ್ ಸಾಲು ತಪ್ಪುತ್ತದೆ, ಬಿಸಿಯಾಗುತ್ತದೆ, ಮೈಮೇಲೆ ಗೀರು ಬೀಳುತ್ತದೆ. ‘ಒತ್ತು’ ಅಂತ ಕಿವಿಗೆ ಬಿದ್ದರೆ ಹೊಸ ಹುಡುಗ ಸ್ಕ್ರೂವನ್ನು ಇನ್ನರ್ಧ ಸುತ್ತು ತಿರುಗಿಸದೆ ಬಿಡುತ್ತಾನೆಯೇ? ಅದಕ್ಕೇ ನನ್ನ ಒಲವು ‘ಆನಿಕೆ’ಯ ಕಡೆ. ಆಗ ಸ್ಟೆಡಿ ‘ನಿಂತ ಆನಿಕೆ’, ಫಾಲೋ ರೆಸ್ಟ್ ‘ಸಾಗುವ ಆನಿಕೆ’.

ಗ್ರೈಂಡಿಂಗಿಗೆ ಬಂದರೆ ಲೆಕ್ಕ ಬೇರೆ. ಸಿಲಿಂಡ್ರಿಕಲ್ ಗ್ರೈಂಡರಿನಲ್ಲಿ (ದುಂಡು ಜಾಬನ್ನು ಉಜ್ಜುವ ಯಂತ್ರ) ತಿರುಗುವ ಸಾಣೆ ಕಲ್ಲು ಜಾಬನ್ನು ಹಿಂದಕ್ಕೂ ಕೆಳಕ್ಕೂ ತಳ್ಳುತ್ತದೆ. ಸ್ಟೆಡಿಯ ಪ್ಯಾಡುಗಳು ಎದುರಿನಿಂದ, ಅಡಿಯಿಂದ ಅದನ್ನು ತಡೆಯಬೇಕು. ಜಾಬ್ ಸವೆದು ಸಣ್ಣದಾದಂತೆಲ್ಲ ಪ್ಯಾಡನ್ನೂ ಮುಂದೆ ತರುತ್ತಿರಬೇಕು. ಇಲ್ಲಿ ‘ಒತ್ತಾಸೆ’ಯೇ ಸರಿ ಅನ್ನಿಸುತ್ತದೆ. ಸೆಂಟರುಗಳೇ ಇಲ್ಲದ ಸೆಂಟರ್‌ಲೆಸ್ ಗ್ರೈಂಡರಿನಲ್ಲಿ ಎರಡು ಕಲ್ಲುಗಳ ನಡುವೆ ಜಾಬ್ ಕೂರುವ ಬ್ಲೇಡಿಗೆ ‘ಆಸರೆಪಟ್ಟಿ’ ಸಾಕು, ಅದರಲ್ಲಿ ಗೊಂದಲವಿಲ್ಲ.

ಒಂದೇ ಇಂಗ್ಲಿಷ್ ಹೆಸರಿಗೆ ಹೀಗೆ ಎರಡು ಕನ್ನಡ ಪದ ಇಟ್ಟರೆ ಹುಡುಗರಿಗೆ ಕಷ್ಟವಾಗುತ್ತದಾ? 1953ರಲ್ಲಿ ಶುರುವಾದ ಎಚ್‌ಎಂಟಿಯಲ್ಲೋ ಹರಿಹರದ ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲೋ ದುಡಿದವರು ‘ಸ್ಟೆಡಿ’ ಬಿಟ್ಟು ಬೇರೆ ಹೆಸರು ಹೇಳುತ್ತಿದ್ದರೇ? ಮರದ ಉದ್ದ ಕಂಬ ಕಡೆಯುವವರು ನಡುವೆ ಕೊಡುವ ಆಸರೆಗೆ ಏನನ್ನುತ್ತಾರೆ? ಗೊತ್ತಿದ್ದವರು ಊರಿನ ಹೆಸರೂ ಸೇರಿಸಿ ತಿಳಿಸಿ.