ಅಡಿಕೆ ಯಂತ್ರದ ಷೂಟ್ ಡ್ರಮ್ 3ರಿಂದ 4ಕ್ಕೆ ಹೋಗುವ ಬದಲು 7ಕ್ಕೆ ಹೋಗಿ ಬರುತ್ತದೆ, ಯಾಕೆ?

ತೀರ್ಥಹಳ್ಳಿ ತೋಟದವ:
ನಮಸ್ಕಾರ. ಆರಿಸಿದ ಅಡಿಕೆ ತುಂಬಲು ಶೆಡ್‌ನಲ್ಲಿ ಒಂದು ಯಂತ್ರ ಮಾಡಿಕೊಂಡಿದ್ದೇನೆ. ಅಡಿಕೆ ಎಲಿವೇಟರ್‌ನಲ್ಲಿ ಮೇಲೆ ಹೋಗುತ್ತದೆ, ಅಲ್ಲಿ ತಿರುಗುವ ಷೂಟ್ (ಅಡಿಕೆ ಜಾರಿ ಬೀಳುವ ದಾರಿ) ಅದನ್ನು 7 ಡ್ರಮ್‌ಗಳಲ್ಲಿ ಒಂದಕ್ಕೆ ಬೀಳಿಸುತ್ತದೆ. ಷೂಟ್ ತಿರುಗಿಸಲು ಸರ್ವೋ ಮೋಟರ್, ಅಂದರೆ ಹೇಳಿದ ಜಾಗಕ್ಕೆ ತಿರುಗಿ ನಿಲ್ಲುವ ಮೋಟರ್. ಅದನ್ನು ಓಡಿಸುವ ಪೆಟ್ಟಿಗೆಯೇ ಡ್ರೈವ್. ಡ್ರೈವ್‌ನಲ್ಲಿ ಪ್ರತಿ ಡ್ರಮ್‌ನ ಜಾಗ ಬರೆದಿಟ್ಟಿದ್ದೇನೆ. ಡ್ರೈವ್‌ನ ಮೂರು ಇನ್‌ಪುಟ್‌ಗಳಿಗೆ 1, 2, 4 ಅಂತ ಬೆಲೆ. ಯಾವುದು ಆನ್ ಇದೆಯೋ ಅವನ್ನು ಕೂಡಿಸಿದರೆ ಡ್ರಮ್ ನಂಬರ್. 0 ಬಂದರೆ ಸುಮ್ನೆ ನಿಲ್ಲಬೇಕು. ಆರ್ಡುಯಿನೋದಿಂದ (ಪ್ರೋಗ್ರಾಂ ಓಡುವ ಸಣ್ಣ ಬೋರ್ಡ್) ಮೂರು ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಹಿಡಿಯುವ ಸ್ವಿಚ್), ರಿಲೇಯಿಂದ ಡ್ರೈವ್‌ಗೆ 24 ವೋಲ್ಟ್.

ಎರಡು ವಾರದಿಂದ 3ರಿಂದ 4ಕ್ಕೆ ಹೋಗು ಅಂದರೆ ಕೆಲವು ಸಲ 7ಕ್ಕೆ ಹೋಗಿ, ಆಮೇಲೆ 4ಕ್ಕೆ ಬರುತ್ತದೆ. 7ರಲ್ಲಿ ಇರುವುದು ರಾಶಿ ಇಡಿ (ಒಳ್ಳೆ ದರ್ಜೆಯ ಅಡಿಕೆ), ಅದರ ಮೇಲೆ ಒಂದು ಬೊಗಸೆ ಗೊರಬಲು (ಕಡಿಮೆ ದರ್ಜೆಯದು)! ಕೂತು ಮತ್ತೆ ಆರಿಸಬೇಕು. ಪ್ರೋಗ್ರಾಂ ಹತ್ತು ಸಲ ನೋಡಿದೆ, ತಪ್ಪಿಲ್ಲ.

ಸಾಗರದ ಹುಡುಗ:
ಅಣ್ಣ, ಡ್ರೈವ್‌ನಲ್ಲಿ ಇನ್‌ಪುಟ್ ಫಿಲ್ಟರ್ ಇರುತ್ತದೆ, ಅಷ್ಟು ಹೊತ್ತು ಬದಲಾಗದೆ ಇದ್ದರೆ ಮಾತ್ರ ಸಿಗ್ನಲ್ ಒಪ್ಪುತ್ತದೆ. 20 ಮಿಲಿಸೆಕೆಂಡ್‌ಗೆ ಏರಿಸಿ ನೋಡಿ.

ಮಾಚೇನಹಳ್ಳಿ ಪ್ಯಾನೆಲ್:
ಫಿಲ್ಟರ್ ಸ್ವಲ್ಪ ತಾಳಿ. ತೋಟದವರೇ, ಯಾವ ಬದಲಾವಣೆ ಒಂದು ಸಲವೂ ತಪ್ಪಿಲ್ಲ? ಎರಡು ವಾರದ ಹಿಂದೆ ಏನಾದರೂ ಮುಟ್ಟಿದ್ರಾ?

ತೀರ್ಥಹಳ್ಳಿ ತೋಟದವ:
2ರಿಂದ 3, 4ರಿಂದ 5, 6ರಿಂದ 7 ಯಾವತ್ತೂ ಸರಿ. 1ರಿಂದ 2ಕ್ಕೆ ಹೋಗುವಾಗ ಒಮ್ಮೊಮ್ಮೆ 3ಕ್ಕೆ ಹೋಗಿ ಬರುತ್ತದೆ. ಮುಟ್ಟಿದ್ದು ಅಂದರೆ ರಿಲೇ ಕಾಯಿಲ್‌ಗಳಿಗೆ, ಆಫ್ ಆದಾಗಿನ ವೋಲ್ಟೇಜ್ ಹೊಡೆತ ತಡೆಯಲು, ಡಯೋಡ್ ಹಾಕಿದೆ ಅಷ್ಟೇ. ಅದು ಇರಲೇಬೇಕು ಅಲ್ವಾ?

ಮಾಚೇನಹಳ್ಳಿ ಪ್ಯಾನೆಲ್:
ಇರಲೇಬೇಕು, ತೆಗೆಯಬೇಡಿ. ಆದರೆ ಗುಟ್ಟು ಅಲ್ಲೇ ಇದೆ ಮಾರಾಯ್ರೇ. ಡಯೋಡ್ ಹಾಕಿದರೆ ಕಾಯಿಲ್‌ನ ಕರೆಂಟ್ ನಿಧಾನವಾಗಿ ಇಳಿಯುತ್ತದೆ, ರಿಲೇ ಬಿಡುವುದು ತಡ. ಇನ್‌ಪುಟ್‌ಗಳನ್ನು 4, 2, 1ರ ಕ್ರಮದಲ್ಲಿ, ಆನ್‌ಗೆ 1, ಆಫ್‌ಗೆ 0 ಅಂತ ಬರೆದರೆ 3 ಅಂದರೆ 011, 4 ಅಂದರೆ 100. ಮೂರೂ ಒಟ್ಟಿಗೆ ಬದಲಾಗಬೇಕು. ನಿಮ್ಮಲ್ಲಿ 4ರ ರಿಲೇ ಮೊದಲೇ ಹಿಡಿಯುತ್ತದೆ, 1 ಮತ್ತು 2ರದ್ದು ಇನ್ನೂ ಬಿಟ್ಟಿರುವುದಿಲ್ಲ. ಆ ಕೆಲವೇ ಮಿಲಿಸೆಕೆಂಡ್ ಡ್ರೈವ್‌ಗೆ ಕಾಣುವುದು 111, ಅಂದರೆ 7. ಒಮ್ಮೆ ಹೊರಟರೆ ತಲುಪುವವರೆಗೆ ನಿಮ್ಮ ಡ್ರೈವ್ ಬೇರೆ ಮಾತು ಕೇಳುತ್ತಿಲ್ಲ ಅನ್ನಿಸುತ್ತದೆ. ಡಯೋಡ್ ಇಲ್ಲದಾಗ ರಿಲೇ ಬೇಗ ಬಿಟ್ಟು ನಡುವೆ 000 ಬರುತ್ತಿತ್ತು. ನಿಮ್ಮಲ್ಲಿ 0 ಅಂದರೆ ಸುಮ್ಮನಿರು, ಹಾಗಾಗಿ ಗೊತ್ತೇ ಆಗಲಿಲ್ಲ. 2ರಿಂದ 3ಕ್ಕೆ ಬದಲಾಗುವುದು ಒಂದೇ ಇನ್‌ಪುಟ್, ಅದಕ್ಕೇ ತಪ್ಪುವುದಿಲ್ಲ.

ಇನ್ನು ಫಿಲ್ಟರ್. ಅದು ಪ್ರತಿ ಇನ್‌ಪುಟ್‌ಗೂ ಬೇರೆ ಬೇರೆ. ಮೂರನ್ನೂ 20 ಮಿಲಿಸೆಕೆಂಡ್ ತಡ ಮಾಡಿದರೆ ನಡುವಿನ ಅಂತರ ಹಾಗೇ ಉಳಿಯುತ್ತದೆ. ಸ್ವಿಚ್ ಅದುರುವುದಕ್ಕೆ ಅದು ಮದ್ದು, ಇದಕ್ಕಲ್ಲ.

ಸಾಗರದ ಹುಡುಗ:
ಹಾಗಾದರೆ ಡ್ರಮ್‌ಗಳಿಗೆ 1, 3, 2, 6, 7, 5, 4 ಅಂತ ನಂಬರ್ ಕೊಟ್ಟರೆ? ಪ್ರತಿ ಹೆಜ್ಜೆಗೂ ಒಂದೇ ಬಿಟ್, ಅಂದರೆ ಒಂದೇ ಇನ್‌ಪುಟ್, ಬದಲಾಗುತ್ತದೆ.

ಮಾಚೇನಹಳ್ಳಿ ಪ್ಯಾನೆಲ್:
ಒಳ್ಳೆ ತಲೆ! ಪಕ್ಕದ ಡ್ರಮ್‌ಗೆ ಸರಿ. ಆದರೆ ಇವರು ಮೊದಲನೇ ಡ್ರಮ್‌ನಿಂದ ಸೀದಾ ಐದನೆಯದಕ್ಕೂ ಹಾರಬಹುದಲ್ಲ. ಆಗ 001ರಿಂದ 111ಕ್ಕೆ, ಮತ್ತೆ ಎರಡು ಬಿಟ್ ಬದಲಾಗುತ್ತವೆ, ಅದೇ ಕಥೆ.

ಡ್ರೈವ್‌ನಲ್ಲಿ ನಾಲ್ಕನೇ ಇನ್‌ಪುಟ್ ಖಾಲಿ ಇದ್ದರೆ ಅದನ್ನು ಟ್ರಿಗರ್ ಮಾಡಿ, ಅಂದರೆ ಈಗ ನಂಬರ್ ಓದಿ ಓಡು ಅನ್ನುವ ಸಂಕೇತ. ನಂಬರ್ ಬದಲಾದ ತಕ್ಷಣ ಓಡು ಅನ್ನುವ ಸೆಟ್ಟಿಂಗ್ ತೆಗೆದು, ಟ್ರಿಗರ್ ಆಫ್‌ನಿಂದ ಆನ್ ಆದಾಗ ಮಾತ್ರ ಓದು ಅಂತ ಇಡಿ. ಮೂರು ರಿಲೇಗಳಲ್ಲಿ ಮೊದಲು ನಂಬರ್ ಇಡಿ, 50 ಮಿಲಿಸೆಕೆಂಡ್ ಕಾಯಿರಿ, ಆಮೇಲೆ ಟ್ರಿಗರ್. ಟ್ರಿಗರ್ ಆಫ್ ಆಗುವವರೆಗೆ ಆ ಮೂರನ್ನು ಮುಟ್ಟಬೇಡಿ. ರಿಲೇ ಬದಲು ಟ್ರಾನ್ಸಿಸ್ಟರ್ ಬೋರ್ಡ್ ಹಾಕಿದರೆ ಅಂತರ ತುಂಬಾ ಕಡಿಮೆಯಾಗುತ್ತದೆ, ಆಗಲೂ ನಾನು ಟ್ರಿಗರ್ ಬಿಡುವವನಲ್ಲ.

ತೀರ್ಥಹಳ್ಳಿ ತೋಟದವ:
ನಿನ್ನೆ ರಾತ್ರಿ ಮಾಡಿದೆ. ಮೊದಲ ಸಲ ಓಡಿತು, ಎರಡನೇ ಸಲ ಅಲ್ಲಾಡಲಿಲ್ಲ. ನೋಡಿದರೆ ಟ್ರಿಗರ್ ಆಫ್ ಮಾಡುವ ಸಾಲನ್ನೇ ಬರೆದಿರಲಿಲ್ಲ! ಅದು ಸರಿ ಮಾಡಿದ ಮೇಲೆ 3ರಿಂದ 4ಕ್ಕೆ ನಲವತ್ತು ಸಲ ಓಡಿಸಿದೆ, ಒಂದೂ ತಪ್ಪಲಿಲ್ಲ. ಇನ್ನೊಂದು: ನಮ್ಮಲ್ಲಿ ಮಳೆ ಶುರುವಾದರೆ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ಬಂದ ಮೇಲೆ ಮೊದಲ ಟ್ರಿಗರ್‌ಗೆ ಷೂಟ್ ಎಲ್ಲೋ ಹೋಗಿ ನಿಲ್ಲುತ್ತದೆ.

ಮಾಚೇನಹಳ್ಳಿ ಪ್ಯಾನೆಲ್:
ಕರೆಂಟ್ ಹೋದಾಗ ತಾನು ಎಲ್ಲಿದ್ದೆ ಅನ್ನುವುದು ಡ್ರೈವ್‌ಗೆ ಮರೆತಿದೆ. ಕರೆಂಟ್ ಬಂದ ಕೂಡಲೇ ಷೂಟ್ ಹೋಮ್ ಸೆನ್ಸರ್‌ಗೆ (ಶುರುವಿನ ಜಾಗ ಗುರುತಿಸುವ ಸೆನ್ಸರ್) ಹೋಗಿ ಬರಲಿ, ಅದೇ ಹೋಮಿಂಗ್. ಹೋಮಿಂಗ್ ಮುಗಿಯಿತು ಅನ್ನುವ ಔಟ್‌ಪುಟ್ ಡ್ರೈವ್‌ನಲ್ಲಿ ಇದ್ದರೆ ಅದನ್ನು ಆರ್ಡುಯಿನೋಗೆ ತನ್ನಿ. ಸೀದಾ ಅಲ್ಲ, ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಭಾಗ) ಮೂಲಕ. 24 ವೋಲ್ಟ್ ನೇರ ಕೊಟ್ಟರೆ ಬೋರ್ಡ್ ಸುಡುತ್ತದೆ. ಅದು ಆನ್ ಆಗುವವರೆಗೆ ಟ್ರಿಗರ್ ಕೊಡಬೇಡಿ, ಎಲಿವೇಟರ್ ಕೂಡ ನಿಂತಿರಲಿ.