ಎದುರು ಮನೆಯ ನಾಯಿ ಕಾಟ, ಏನು ಮಾಡೋಣ?

ಮೈಸೂರಿನಲ್ಲಿದ್ದೇವೆ. ಎದುರು ಮನೆಯವರು ಬೆಳಗಾದರೆ ಗೇಟು ತೆಗೆದು ಲ್ಯಾಬ್ರಡಾರ್‌ನ ಸುಮ್ನೆ ಬೀದಿಗೆ ಬಿಡುತ್ತಾರೆ. ನಿನ್ನೆ ಅಮ್ಮನ ಮೇಲೆ ಹಾರಿತು, ಪ್ಯಾಕೆಟ್ ಒಡೆದು ಸೀರೆಯೆಲ್ಲ ಹಾಲು. ಕೇಳಿದರೆ "ಆಟ ಆಡುತ್ತೆ, ಕಚ್ಚಲ್ಲ" ಅಂತಾರೆ.

ಉತ್ತರ 1: ಕಚ್ಚಲ್ಲ ಅನ್ನೋ ನಾಯಿಯೇ ನನ್ನ ಮೀನಖಂಡ ಹಿಡಿದಿತ್ತು! ಸ್ವಲ್ಪ ಪರಚಿದ್ದರೂ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಉತ್ತರ 2: ವಿಡಿಯೊ ಇಟ್ಟುಕೊಳ್ಳಿ. ಮಾತಿಗೆ ಬಗ್ಗದಿದ್ದರೆ ಪೊಲೀಸರಿಗೆ ದೂರು ಕೊಡಿ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ, 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಉತ್ತರ 3: ನಾನೂ ನಾಯಿ ಸಾಕಿದ್ದೇನೆ. ತಪ್ಪು ಅದರದ್ದಲ್ಲ, ಕಲಿಸದವರದ್ದು ಅಲ್ವಾ? ಅಮ್ಮನಿಗೆ ಹೇಳಿ, ಕಿರುಚಿ ಓಡಬಾರದು, ಕೈ ಕಟ್ಟಿ ಅಲ್ಲಾಡದೆ ನಿಲ್ಲಬೇಕು.